ಒಂದನೇ ನಂಬರಿನ ಮರ್ಯಾದೆ

ಯಂತ್ರಗಳಿಗೆ ಕಾಲ್ಗುಣ ತಿಳಿಯುವುದಿಲ್ಲ ಎಂದು ನಾನು ಇವತ್ತಿಗೂ ಗಟ್ಟಿಯಾಗಿ ಹೇಳುತ್ತೇನೆ. ಆದರೆ ದಾಂಡೇಲಿಯ ಒಂದು ಲಾರಿ ಆಫೀಸಿನಲ್ಲಿ ಈ ಮಾತನ್ನು ಕೆಲವು ದಿನ ಮೆಲುದನಿಯಲ್ಲಿ ಹೇಳಬೇಕಾಗಿ ಬಂದಿತ್ತು. ಯಾಕೆಂದರೆ ಸಾಕ್ಷಿಯೆಲ್ಲ ಎದುರು ಪಕ್ಷದ ಕಡೆಗಿತ್ತು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಹಳಿಯಾಳದ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ಆಗ ನಮ್ಮ ಕಡೆ ಲಿನಕ್ಸ್ ಅಂದರೆ ಅದು ಯಾವ ಬೆಳೆಗೆ ಹಾಕುವ ಗೊಬ್ಬರ ಎಂದು ಕೇಳುವವರೇ ಹೆಚ್ಚು. ನಾನು ಹುಬ್ಬಳ್ಳಿಯಿಂದ ಸಿ.ಡಿ. ತಂದು, ಹಾಕಿ, ಕೆಡಿಸಿ, ಮತ್ತೆ ಹಾಕಿ ಅದನ್ನು ಕಲಿತಿದ್ದೆ. ಕಲಿತದ್ದನ್ನು ಯಾರ ತಲೆಗಾದರೂ ಕಟ್ಟದೆ ನನಗೆ ಸಮಾಧಾನವಿರಲಿಲ್ಲ. ಕೊನೆಗೆ ಸಿಕ್ಕವರು ದಾಂಡೇಲಿಯ ಆ ಲಾರಿ ಆಫೀಸಿನ ಸಾವ್ಕಾರರು. ಸೂಪಾ ಅಣೆಕಟ್ಟು ಕಟ್ಟುವ ಕಾಲದಲ್ಲಿ ಒಂದು ಹಳೆ ಲಾರಿಯಲ್ಲಿ ಜಲ್ಲಿ ಹೊತ್ತು ಶುರುಮಾಡಿದವರು. ಈಗ ಜೋಯಿಡಾದಿಂದ ಮುಂಡಗೋಡದವರೆಗೆ ಅವರ ಲಾರಿ ಓಡದ ರಸ್ತೆ ಇರಲಿಲ್ಲ. ಗಾಡಿಯ ಶಬ್ದ ಕೇಳಿಯೇ ಅದರ ರೋಗ ಹೇಳುತ್ತಿದ್ದರು. ಕಂಪ್ಯೂಟರನ್ನು ಮಾತ್ರ ಮುಟ್ಟುತ್ತಿರಲಿಲ್ಲ. ದೂರದಿಂದ ನೋಡಿ, ಇದರ ಎಂಜಿನ್ ಎಲ್ಲಿದೆ ಎಂದು ಕೇಳುತ್ತಿದ್ದರು.

ಗಿರಾಕಿಗಳು ಲೋಡಿನ ಸುದ್ದಿಯನ್ನು ಈಮೇಲಿನಲ್ಲಿ ಕಳಿಸಲು ಶುರುಮಾಡಿದ್ದರಿಂದ ಅವರಿಗೆ ಇದೆಲ್ಲ ಬೇಕಾಗಿತ್ತು. ಮೇಲ್ ನೋಡುವುದು ತಡವಾದರೆ ಲೋಡು ಬೇರೆಯವರ ಲಾರಿ ಹತ್ತುತ್ತಿತ್ತು. ಹಾಗಾಗಿ ಆಫೀಸಿನ ಮೂಲೆಯಲ್ಲಿ, ಒಂದು ಸ್ಟೂಲಿನ ಮೇಲೆ ಲಿನಕ್ಸ್ ಸರ್ವರ್ ಕೂರಿಸಿದೆ. ಸರ್ವರ್ ಎಂದರೆ ದೊಡ್ಡದೇನಲ್ಲ, ಸದಾ ಗುಂಯ್‌ಗುಡುವ ಒಂದು ಡಬ್ಬಿ. ಅದರ ಬೆನ್ನಿಗೆ ಮೋಡೆಮ್, ಮೋಡೆಮಿಗೆ ಟೆಲಿಫೋನ್ ತಂತಿ. ಆಫೀಸಿನ ಪ್ರತಿ ಕಂಪ್ಯೂಟರಿಗೂ ಒಂದೊಂದು ನಂಬರು ಕೊಟ್ಟು, ಹೊರಗೆ ಹೋಗುವುದಿದ್ದರೆ ಒಂದನೇ ನಂಬರನ್ನು ಕೇಳಿ ಹೋಗಿ ಎಂದು ಎಲ್ಲಕ್ಕೂ ಹೇಳಿಟ್ಟಿದ್ದೆ. ಒಂದನೇ ನಂಬರು ಸರ್ವರಿನದು. ದಾರಿ ಗೊತ್ತಿದ್ದದ್ದು ಅದಕ್ಕೊಂದಕ್ಕೇ.

ಆ ಆಫೀಸಿನ ಹೆಡ್ ಕ್ಲಾರ್ಕರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಮರ್ಯಾದೆಯ ವಿಷಯದಲ್ಲಿ ವಿಪರೀತ ಕಟ್ಟುನಿಟ್ಟು. ಚಹಾ ಯಾರಿಗೆ ಮೊದಲು, ಫ್ಯಾನು ಯಾರ ತಲೆಯ ಮೇಲೆ, ಹೊಸ ಕ್ಯಾಲೆಂಡರಿನ ಮೊದಲ ಪ್ರತಿ ಯಾರ ಮನೆಗೆ, ಎಲ್ಲಕ್ಕೂ ಅವರಲ್ಲಿ ಒಂದು ಕ್ರಮವಿತ್ತು. ಒಮ್ಮೆ ಸಾವ್ಕಾರರಿಗಿಂತ ಮೊದಲು ನನ್ನ ಮುಂದೆ ಚಹಾದ ಕಪ್ಪು ಬಂತು ಎಂದು ಅದನ್ನು ಎತ್ತಿ ಸಾವ್ಕಾರರ ಮುಂದೆ ಇಟ್ಟುಬಿಟ್ಟಿದ್ದರು. ನಾನು ಆಗಲೇ ಒಂದು ಗುಟುಕು ಕುಡಿದಾಗಿತ್ತು. ಸಾವ್ಕಾರರು ಚಹಾ ಇವತ್ತು ಚಲೋ ಆಗಿದೆ ಎಂದರು.

ಆ ವರ್ಷ ಸಾವ್ಕಾರರ ಮಗನ ಮದುವೆಯಾಯಿತು. ಹುಡುಗಿ ಮುಂಡಗೋಡದ ಕಡೆಯ ಚಿಗಳ್ಳಿಯವಳು, ಬಿ.ಕಾಂ. ಓದಿದವಳು. ನಾವೆಲ್ಲ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆವು. ಮನೆ ಆಫೀಸಿನ ಹಿಂದೆಯೇ ಇತ್ತು, ನಡುವೆ ಲಾರಿ ನಿಲ್ಲುವ ಅಂಗಳ. ಮನೆಗೆಲಸ ಮುಗಿಸಿ ಹನ್ನೊಂದಕ್ಕೆ ಬಂದು ಊಟದ ಹೊತ್ತಿಗೆ ಹೋಗುತ್ತೇನೆ, ಲೆಕ್ಕಪತ್ರ ನೋಡುತ್ತೇನೆ ಎಂದು ವೈನಿ ಕೇಳಿದಳು. ಸಾವ್ಕಾರರು ಸಂತೋಷದಿಂದ ಒಪ್ಪಿದರು. ಸಾವ್ಕಾರರ ಹೆಂಡತಿಯನ್ನು ಲಾರಿಯವರೆಲ್ಲ ಅವ್ವಾರು ಎನ್ನುತ್ತಿದ್ದರು. ಅವರು ನೋಡೋಣ ಎಂದರು. ನಮ್ಮ ಕಡೆ ಅತ್ತೆಯಾದವಳು ನೋಡೋಣ ಅಂದರೆ ಅದಕ್ಕೆ ಒಪ್ಪಿಗೆ ಎಂದು ಅರ್ಥವಲ್ಲ. ಗಂಡನ ಅಭಿಪ್ರಾಯ ಯಾರಿಗೂ ತಿಳಿಯಲಿಲ್ಲ. ತಾಯಿ ಮತ್ತು ಹೆಂಡತಿಯ ನಡುವೆ ಮಾತು ಬಂದಾಗಲೆಲ್ಲ ಅವನಿಗೆ ಗೋವಾಕ್ಕೆ ಹೋಗುವ ಲೋಡು ಸಿಗುತ್ತಿತ್ತು.

ವೈನಿಗೆಂದು ಒಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಬಸ್ಸಿನಲ್ಲಿ ಕಳಿಸಿದೆ. ತಂತಿ ಸಿಕ್ಕಿಸುವುದು, ನಂಬರು ಹಾಕುವುದು ಇಷ್ಟೇ ಉಳಿದಿತ್ತು. ಅದನ್ನು ಫೋನಿನಲ್ಲೇ ಕಾಕಾಗೆ ಹೇಳಿಕೊಟ್ಟೆ. ಖಾಲಿ ಇರುವ ಒಂದು ನಂಬರು ಹಾಕಿ ಎಂದೆ. ಹಾಕಿದೆ ಎಂದರು. ಅರಿಸಿನ ಕುಂಕುಮ ಹಚ್ಚಿ ಯಂತ್ರ ಚಾಲೂ ಮಾಡಿದರು, ವೈನಿ ಎಲ್ಲರಿಗೂ ಪೇಢೆ ಕೊಟ್ಟಳು. ಅರ್ಧ ಪೇಢೆ ಬಾಯಲ್ಲಿರುವಾಗಲೇ ಆಫೀಸಿನ ಇಂಟರ್ನೆಟ್ ಲೈನು ಹೋಯಿತು.

ಮೊದಲ ದಿನ ಯಾರೂ ಏನೂ ಅನ್ನಲಿಲ್ಲ, ಪೇಢೆ ತಿಂದವರು ಅಷ್ಟು ಬೇಗ ಅನ್ನುವುದೂ ಇಲ್ಲ. ಆದರೆ ಅದು ದಿನದ ಪಾಡಾಯಿತು. ಬೆಳಿಗ್ಗೆ ಎಲ್ಲ ಸರಿ ಇರುತ್ತಿತ್ತು. ವೈನಿ ಬಂದು ಕೂತಳೆಂದರೆ ಉಳಿದ ಯಾವ ಕಂಪ್ಯೂಟರಿಗೂ ಮೇಲ್ ಬರುತ್ತಿರಲಿಲ್ಲ. ಅವಳು ಯಂತ್ರ ಬಂದ್ ಮಾಡಿ ಊಟಕ್ಕೆ ಎದ್ದು ಹೋದ ಮೇಲೆ ಸ್ವಲ್ಪ ಹೊತ್ತಿಗೆ ತಾನಾಗಿ ಬರುತ್ತಿತ್ತು. ಗುರುವಾರ ಅವಳು ವ್ರತವೆಂದು ಬರುತ್ತಿರಲಿಲ್ಲ, ಗುರುವಾರ ಲೈನು ಒಮ್ಮೆಯೂ ಹೋಗಲಿಲ್ಲ. ಕಾಕಾ ಇದನ್ನು ನನಗೆ ಫೋನಿನಲ್ಲಿ ಹೇಳುವಾಗ ವೈನಿಯ ಹೆಸರು ಎತ್ತುತ್ತಿರಲಿಲ್ಲ. ಹನ್ನೊಂದರ ಸುಮಾರಿಗೆ ಹೋಗುತ್ತದೆ ಎಂದಷ್ಟೇ ಹೇಳಿ ಕೆಮ್ಮುತ್ತಿದ್ದರು.

ನಾನು ಹಳಿಯಾಳದಿಂದ ಮೊದಲ ಬಸ್ಸಿಗೆ ಹೋಗುತ್ತಿದ್ದೆ, ಅಂಗಡಿ ತೆರೆಯಬೇಕೆಂದು ಹತ್ತರ ಬಸ್ಸಿಗೆ ತಿರುಗುತ್ತಿದ್ದೆ. ನಾನು ಇರುವಷ್ಟು ಹೊತ್ತು ಲೈನು ಗಂಗಾಪ್ರವಾಹ. ಸರ್ವರಿನ ಮುಂದೆ ಕೂತು ಹೊರಗಿನ ದೂರದ ಯಂತ್ರಕ್ಕೆ ಕೂಗು ಹಾಕಿ ನೋಡುತ್ತಿದ್ದೆ, ಉತ್ತರ ಪಟಪಟ ಬರುತ್ತಿತ್ತು. ದಾರಿಗಳ ಪಟ್ಟಿ ತೆಗೆದು ನೋಡಿದರೆ ಅದೂ ಸರಿ. ಮೋಡೆಮ್ ಬದಲಿಸಿದೆ. ಇಲಿ ತಂತಿ ಕಡಿದಿದೆಯೇ ನೋಡಿದೆ. ಯಂತ್ರಕ್ಕೆ ಅರ್ಥಿಂಗ್ ಸಾಲದೆಂದು ಅಂಗಳದಲ್ಲಿ ಗುಂಡಿ ತೋಡಿಸಿ ಇದ್ದಿಲು, ಉಪ್ಪು ತುಂಬಿಸಿದೆ. ಏನೂ ಆಗಲಿಲ್ಲ. ಆದರೆ ಆಫೀಸಿನಲ್ಲಿ ನನ್ನ ಬೆಲೆ ಮಾತ್ರ ಏರಿತು. ನಾನು ಮೆಟ್ಟಿಲು ಹತ್ತಿದರೆ ಲೈನು ಬರುತ್ತದೆ, ನನ್ನ ಕಾಲ್ಗುಣ ಬಂಗಾರದಂಥದ್ದು ಎಂದು ಅವ್ವಾರು ಒಗ್ಗರಣೆ ಅವಲಕ್ಕಿ ಮಾಡಿ ಕಳಿಸತೊಡಗಿದರು, ಮೇಲೆ ಶೇಂಗಾ ಬೇರೆ. ತಿನ್ನಬಾರದು ಅನ್ನಿಸುವಷ್ಟು ಕೆಟ್ಟ ಅವಲಕ್ಕಿ ಅದಾಗಿರಲಿಲ್ಲ.

ನನಗೆ ಚಲೋ ಕಾಲ್ಗುಣ ಸಿಕ್ಕ ಮೇಲೆ ಕೆಟ್ಟದ್ದು ಯಾರಿಗೆ ಹೋಯಿತು ಎಂದು ನಾನು ಕೇಳಲಿಲ್ಲ. ಅದನ್ನು ಹೇಳಲು ವೈನಿಯೇ ನನ್ನ ಅಂಗಡಿಗೆ ಬಂದಳು.

ತವರಿಗೆ ಹೋಗಿದ್ದವಳು ತಿರುಗಿ ಬರುತ್ತಿದ್ದಳು. ದಾಂಡೇಲಿಯ ಬಸ್ಸಿಗೆ ಹಳಿಯಾಳದಲ್ಲಿ ಇಳಿದು ಕಾಯಬೇಕಿತ್ತು. ಒಂದು ಕೈಯಲ್ಲಿ ತವರಿನ ಚುರುಮುರಿ ಉಂಡೆಯ ಡಬ್ಬಿ, ಇನ್ನೊಂದರಲ್ಲಿ ಸೀರೆಯ ಚೀಲ. ಕೂತುಕೊಳ್ಳಿ ಎಂದರೆ ಕೂಡಲಿಲ್ಲ. ಅವಳು ಊರಲ್ಲಿಲ್ಲದ ಅಷ್ಟೂ ದಿನ ಲೈನು ಒಮ್ಮೆಯೂ ಹೋಗಿಲ್ಲವಂತೆ. ಅವ್ವಾರು ಚಿಗಳ್ಳಿಗೇ ಫೋನ್ ಮಾಡಿ, ಈ ಅಮಾವಾಸ್ಯೆ ಕಳೆದ ಮೇಲೆ ಆಫೀಸು ಸಾಕು, ಮನೆಯಲ್ಲೇ ಕೆಲಸ ಬೇಕಾದಷ್ಟಿದೆ ಎಂದು ಹೇಳಿಬಿಟ್ಟಿದ್ದರು. ಅದನ್ನು ಫೋನೆತ್ತಿದ ವೈನಿಯ ತಾಯಿಗೇ ಹೇಳಿದ್ದರು. ತಾಯಿ ಅತ್ತರಂತೆ, ಅಳುತ್ತಲೇ ಉಂಡೆ ಕಟ್ಟಿದರಂತೆ. ವೈನಿ ಇದನ್ನೆಲ್ಲ ನಗುನಗುತ್ತಲೇ ಹೇಳಿದಳು. ಆಮೇಲೆ ನಗು ನಿಲ್ಲಿಸಿದಳು.

"ಅವರು ಅನ್ನೂದು ಬಿಡ್ರಿ. ನಾನೂ ನೋಡೇನಿ. ನಾ ಕುಂತ್ರ ಹೋಗ್ತೈತಿ, ಎದ್ರ ಬರ್ತೈತಿ. ಒಮ್ಮೊಮ್ಮೆ ಬೇಕಂತನ ಎಲ್ಲಾ ಬಂದ್ ಮಾಡಿ ಎದ್ದು, ಮತ್ತ ಕುಂತು ನೋಡೇನಿ. ಇದು ಮಷೀನಿಂದೋ, ನಂದೋ, ಅಷ್ಟ ಹೇಳ್ರಿ. ನಂದ ಅಂದ್ರ ನಾನ ಬಿಡ್ತೇನಿ, ಅವರು ಬಿಡಸೂದು ಬ್ಯಾಡ."

ನನಗೆ ಸಿಟ್ಟು ಬಂತು. ಅವ್ವಾರ ಮೇಲಲ್ಲ, ಅವರು ತಮಗೆ ತಿಳಿದದ್ದನ್ನು ಹೇಳಿದ್ದರು. ಬಿ.ಕಾಂ. ಓದಿದ ಈ ಹುಡುಗಿ ತನ್ನ ಪಾದಗಳನ್ನೇ ಅನುಮಾನದಿಂದ ನೋಡಿಕೊಳ್ಳುವ ಹಾಗಾಯಿತಲ್ಲ, ಅದು ನನಗೆ ತಡೆಯಲಿಲ್ಲ. ನನ್ನ ಸ್ಟೂಲಿನ ಮೇಲಿನ ಡಬ್ಬಿಗೂ ಒಬ್ಬಳ ಬದುಕಿಗೂ ಹೀಗೆ ಗಂಟು ಬಿದ್ದೀತು ಎಂದು ನಾನು ಎಣಿಸಿರಲಿಲ್ಲ. ಅಮಾವಾಸ್ಯೆಯ ದಿನ ಬರುತ್ತೇನೆ, ಹತ್ತರ ಬಸ್ಸಿಗೆ ತಿರುಗುವುದಿಲ್ಲ ಎಂದು ಹೇಳಿದೆ. ಅವಳು ಡಬ್ಬಿ ತೆರೆದು ಉಂಡೆ ಕೊಟ್ಟು ಬಸ್ಸಿಗೆ ಓಡಿದಳು.

ಲಾರಿ ಆಫೀಸುಗಳಲ್ಲಿ ಅಮಾವಾಸ್ಯೆ ದೊಡ್ಡ ದಿನ. ಗಾಡಿಗಳನ್ನು ತೊಳೆದು, ಹೂವಿನ ಸರ ಹಾಕಿ, ಪ್ರತಿ ಗಾಲಿಗೆ ನಿಂಬೆಹಣ್ಣಿಟ್ಟು, ಕಾಯಿ ಒಡೆಯುತ್ತಾರೆ. ಮನೆಯವರೆಲ್ಲ ಅಂಗಳಕ್ಕೆ ಬರುತ್ತಾರೆ. ಅವತ್ತು ಸ್ಟೂಲಿನ ಮೇಲಿನ ನನ್ನ ಸರ್ವರಿಗೂ ಒಂದು ನಿಂಬೆಹಣ್ಣು ಸಿಕ್ಕಿತ್ತು. ಲಾರಿಗಳದ್ದಕ್ಕಿಂತ ಸಣ್ಣದು, ಅದೂ ಕಾಕಾರ ಕ್ರಮದ ಪ್ರಕಾರವೇ ಇರಬೇಕು.

ಪೂಜೆ ಮುಗಿದು ಎಲ್ಲರ ಕೈಗೂ ಕಾಯಿಚೂರು ಬಂದ ಮೇಲೆ ನಾನು ಕಾಕಾರ ಕಂಪ್ಯೂಟರಿನ ಮುಂದೆ ಕೂತೆ. ಇಷ್ಟು ದಿನ ಸರ್ವರಿನ ಮುಂದೆಯೇ ಕೂತು ನೋಡಿದ್ದೆ. ಸರ್ವರಿಗೆ ದಾರಿ ಗೊತ್ತು, ಅದು ಯಾವತ್ತೂ ಸರಿಯಾಗಿಯೇ ಹೋಗುತ್ತಿತ್ತು. ದಾರಿ ತಪ್ಪುತ್ತಿದ್ದವರು ಅದನ್ನು ಕೇಳಿಕೊಂಡು ಹೋಗುವ ಉಳಿದವರು, ಹಾಗಾಗಿ ಈ ಸಲ ಅವರ ಜಾಗದಲ್ಲೇ ಕೂತು ನೋಡುವುದೆಂದು ಮಾಡಿದ್ದೆ. ಅಲ್ಲಿಂದ ಹೊರಗೆ ಕೂಗು ಹಾಕಿದೆ, ಉತ್ತರಗಳು ಪರದೆಯ ಮೇಲೆ ಒಂದರ ಕೆಳಗೊಂದು ಇಳಿಯತೊಡಗಿದವು. ವೈನಿಗೆ ತನ್ನ ಕುರ್ಚಿಯಲ್ಲಿ ಸುಮ್ಮನೆ ಕೂತುಕೊಳ್ಳಲು ಹೇಳಿದೆ, ಸ್ವಿಚ್ಚು ಮುಟ್ಟಬೇಡಿ ಎಂದೆ. ಕೂತಳು. ಉತ್ತರಗಳು ಬರುತ್ತಲೇ ಇದ್ದವು. ಕಾಕಾ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, ಇದರಲ್ಲೇನೋ ಮೋಸವಿದೆ ಎಂಬಂತೆ ಹಿಂದೆ ಸರಿದರು.

ಆಮೇಲೆ ವೈನಿಯನ್ನು ಎಬ್ಬಿಸಿ ಅಂಗಳದಾಚೆ, ಗೇಟಿನ ಹತ್ತಿರ ನಿಂತ ಲಾರಿಯ ಪಕ್ಕಕ್ಕೆ ಕಳಿಸಿದೆ. ಅವಳ ಯಂತ್ರವನ್ನು ಈಗ ಬೇರೆ ಯಾರಾದರೂ ಚಾಲೂ ಮಾಡಬೇಕಿತ್ತು. ಅಮಾವಾಸ್ಯೆಯ ದಿನ, ಹಿರಿಯರ ಕೈಯಿಂದಲೇ ಆಗಲಿ ಎಂದು ಅವ್ವಾರನ್ನು ಕರೆದೆ. ಅವರು ಸೆರಗಿಗೆ ಕೈ ಒರೆಸಿಕೊಂಡು, ಯಂತ್ರಕ್ಕೆ ಒಂದು ನಮಸ್ಕಾರ ಮಾಡಿ, ನಾನು ತೋರಿಸಿದ ಗುಂಡಿ ಒತ್ತಿದರು. ಹಳೆಯ ಯಂತ್ರ, ಎಚ್ಚರವಾಗಲು ಬಹಳ ಹೊತ್ತು ಬೇಕಿತ್ತು. ಅಷ್ಟು ಹೊತ್ತು ಎಲ್ಲರೂ ಕಾಯಿ ಜಗಿಯುತ್ತ ನಿಂತೆವು. ಯಂತ್ರ ಪೂರ್ತಿ ಎದ್ದು ಕೂತಿತು. ಕಾಕಾರ ಪರದೆಯ ಮೇಲೆ ಇಳಿಯುತ್ತಿದ್ದ ಉತ್ತರಗಳು ನಿಂತವು.

"ಹೋತ್ರಿ," ಎಂದರು ಕಾಕಾ, ಬಹಳ ಸಣ್ಣ ದನಿಯಲ್ಲಿ.

ಎಲ್ಲರ ಕಣ್ಣೂ ಅವ್ವಾರ ಕಡೆ ತಿರುಗಿದವು. ಬಾಗಿಲಲ್ಲಿ ನಿಂತಿದ್ದ ಲಾರಿಗಳ ಮೆಕ್ಯಾನಿಕ್ ಚಾಚಾಗೆ ನಗು ಬಂತು, ಅದನ್ನು ಕೆಮ್ಮಿಗೆ ತಿರುಗಿಸಲು ಹೋಗಿ ಕಾಯಿಚೂರು ಗಂಟಲಿಗೆ ಸಿಕ್ಕಿ ನಿಜವಾದ ಕೆಮ್ಮೇ ಬಂತು. ಸಾವ್ಕಾರರು ಹೆಂಡತಿಯ ಮುಖ ನೋಡಿದರು, ಪಾದ ನೋಡಿದರು, ಬುದ್ಧಿವಂತರಾದ್ದರಿಂದ ಆಮೇಲೆ ಗೋಡೆಯ ಕ್ಯಾಲೆಂಡರು ನೋಡಿದರು. ಗೇಟಿನಿಂದ ವೈನಿ ನಿಧಾನವಾಗಿ ಬಂದು ಹೊಸ್ತಿಲ ಹೊರಗೆ ನಿಂತಳು.

"ನಾ ಏನೂ ಮಾಡಿಲ್ಲಪಾ," ಎಂದರು ಅವ್ವಾರು ನನ್ನನ್ನು ನೋಡಿ. "ಬರೇ ಗುಂಡಿ ಒತ್ತೇನಿ."

ಹೊಸ್ತಿಲ ಹೊರಗಿನಿಂದ ವೈನಿ ಹೇಳಿದಳು: "ಅತ್ತಿಯಾರ, ನಾನೂ ದಿನಾ ಅಷ್ಟ ಮಾಡ್ತಿದ್ನಿರಿ."

ದನಿಯಲ್ಲಿ ಚುಚ್ಚು ಇರಲಿಲ್ಲ. ಅದಕ್ಕೇ ಅದು ಚುಚ್ಚಿತು. ಅವ್ವಾರು ಆ ಕುರ್ಚಿಯಲ್ಲಿ ಕೂತುಬಿಟ್ಟರು. ಅವರ ಮುಖ ನೋಡಿ ನನಗೆ ಪಾಪ ಅನ್ನಿಸಿತು. ಕಾಲ್ಗುಣದ ಮಾತು ತಮ್ಮ ಕಾಲಿಗೇ ಬಂದು ತಾಗಬಹುದು ಎಂದು ಅವರು ಬಹುಶಃ ಮದುವೆಯಾಗಿ ಬಂದ ಹೊಸತರಲ್ಲಿ ತಿಳಿದಿದ್ದರು, ಆಮೇಲೆ ಮರೆತಿದ್ದರು.

ಇನ್ನು ಕಾರಣ ಹುಡುಕುವುದು ಕಷ್ಟವಿರಲಿಲ್ಲ. ಪ್ರತಿ ಕಂಪ್ಯೂಟರಿಗೆ ನಾವು ಕೊಡುವ ನಂಬರು ಒಂದಾದರೆ, ಅದರ ಒಳಗಿನ ಕಾರ್ಡಿಗೆ ತಯಾರಿಸಿದವರೇ ಕೊಟ್ಟ ಇನ್ನೊಂದು ನಂಬರು ಇರುತ್ತದೆ, ಅದು ಬದಲಾಗುವುದಿಲ್ಲ. ಒಂದನೇ ನಂಬರಿನವನ ಕಾರ್ಡು ಯಾವುದು ಎಂದು ಕಾಕಾರ ಯಂತ್ರವನ್ನು ಕೇಳಿದೆ. ಅದು ತೋರಿಸಿದ್ದು ಸರ್ವರಿನ ಕಾರ್ಡನ್ನಲ್ಲ. ವೈನಿಯ ಯಂತ್ರದ ಮುಂದೆ ಹೋಗಿ ಅದರ ನಂಬರು ತೆಗೆದು ನೋಡಿದೆ. ಒಂದು. ಲಿನಕ್ಸ್ ಅಲ್ಲದೆ ಬೇರೇನಾದರೂ ಇದ್ದಿದ್ದರೆ, ಇನ್ನೊಬ್ಬರ ನಂಬರು ನನಗೇಕೆ ಎಂದು ಚಾಲೂ ಆಗುವಾಗಲೇ ಜಗಳ ತೆಗೆಯುತ್ತಿತ್ತು. ಇದು ಹೊಸ ಸೊಸೆಯ ಹಾಗೆ ಕೊಟ್ಟದ್ದನ್ನು ಇಟ್ಟುಕೊಂಡು ಸುಮ್ಮನಿತ್ತು. ಹೊರಗೆ ಹೋಗುವವರೆಲ್ಲ ಒಂದನೇ ನಂಬರನ್ನು ಕೇಳಿಕೊಂಡು ಈ ಬಡಯಂತ್ರದ ಬಾಗಿಲಿಗೆ ಬರುತ್ತಿದ್ದರು, ಅದಕ್ಕೋ ದಾರಿಯೇ ಗೊತ್ತಿಲ್ಲ. ತನಗೆ ಹೊರಗೆ ಹೋಗಬೇಕಾದಾಗ ಅದು ತನ್ನನ್ನೇ ದಾರಿ ಕೇಳಿಕೊಂಡು ಕೂತಿರುತ್ತಿತ್ತು.

ಇದನ್ನು ಸಾವ್ಕಾರರಿಗೆ ಹೇಗೆ ತಿಳಿಸುವುದು ಎಂದು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವರೇ, "ಅಂದ್ರ ಒಂದ ನಂಬರ್ ಪ್ಲೇಟು, ಎರಡು ಗಾಡಿ," ಎಂದರು. ಚಾಸಿ ನಂಬರು ನೋಡಿ ಹಿಡಿದೆ ಎಂದೆ. ಅವರಿಗೆ ಪೂರ್ತಿ ತಿಳಿಯಿತು, ತಿಳಿದ ಕೂಡಲೇ ಗಾಬರಿಯಾಯಿತು. ಇಪ್ಪತ್ತೈದು ವರ್ಷ ಗಾಡಿ ಓಡಿಸಿದ ತಮ್ಮ ಆಫೀಸಿನಲ್ಲೇ ಇಂಥ ಕೆಲಸ ನಡೆದಿದೆ, ಹಾಕಿದವರು ಯಾರು ಎಂದು ಕೇಳಿದರು.

ಕಾಕಾ ಮುಂದೆ ಬಂದರು. ತಪ್ಪು ಮಾಡಿದವರ ಮುಖ ಅದಾಗಿರಲಿಲ್ಲ, ನೊಂದವರ ಮುಖ. "ಖಾಲಿ ನಂಬರ್ ಹಾಕ್ರಿ ಅಂತ ಇವರ ಹೇಳಿದ್ರು. ನಮ್ಮ ಮಂದ್ಯಾಗ ಯಾರಿಗೂ ಒಂದನೇ ನಂಬರ್ ಇರಲಿಲ್ಲ. ಮನಿ ಸೊಸಿ ಮೊದಲನೇ ಸಲ ಆಫೀಸಿಗೆ ಬರ್ತಾಳ, ಆಕಿಗೆ ಒಂದು ಬಿಟ್ಟು ಆರನೇ ನಂಬರ್ ಕೊಡ್ಲೇನ್ರಿ? ಸ್ಟೂಲಿನ ಮ್ಯಾಲಿನ ಡಬ್ಬಿಗೆ ಅಷ್ಟು ಮರ್ಯಾದಿ ಇರ್ತೈತಿ ಅಂತ ನನಗ ಹೆಂಗ ಗೊತ್ತಾಗಬೇಕು?"

ಯಾರಿಗೂ ಬಯ್ಯಲು ಮನಸ್ಸಾಗಲಿಲ್ಲ. ವೈನಿಗೆ ಆ ಆಫೀಸಿನಲ್ಲಿ ಸಿಕ್ಕ ಕೆಟ್ಟ ಹೆಸರೆಲ್ಲ ಅವಳಿಗೆ ಸಿಕ್ಕ ಮೊದಲ ಮರ್ಯಾದೆಯಿಂದಲೇ ಬಂದಿತ್ತು. ಒಂದನೇ ನಂಬರು ಬಾಗಿಲು ಕಾಯುವವನದು, ಮನೆಯವರನ್ನು ಯಾರೂ ಹೊಸ್ತಿಲ ಮೇಲೆ ಕೂರಿಸುವುದಿಲ್ಲ ಎಂದು ನಾನು ಕಾಕಾಗೆ ಸಮಾಧಾನ ಹೇಳಿದೆ. ಇದು ಅವರಿಗೆ ಒಪ್ಪಿಗೆಯಾಯಿತು. ಹಾಗಾದರೆ ಈಗ ಯಾವ ನಂಬರು ಕೊಡುವುದು ಎಂದು ಅವರು ವೈನಿಯನ್ನೇ ಕೇಳಿದರು. ತಮ್ಮ ಎರಡನೇ ನಂಬರನ್ನು ಬಿಟ್ಟುಕೊಡಲು ತಯಾರಿದ್ದರು, ಅದು ಅವರ ಮಟ್ಟಿಗೆ ಸಣ್ಣ ತ್ಯಾಗವಲ್ಲ.

"ಯಾವ್ದರ ಕೊಡ್ರಿ," ಎಂದಳು ವೈನಿ. "ಬ್ಯಾರೆ ಯಾರದೂ ಅಲ್ಲದ್ದು ಕೊಡ್ರಿ. ನಂದೊಬ್ಬಾಕಿದ ಇರಬೇಕು."

ಕೊಟ್ಟೆ. ಅವಳ ಯಂತ್ರದಿಂದ ಹೊರಗೆ ಕೂಗು ಹಾಕಿದೆ, ಉತ್ತರಗಳು ಇಳಿಯತೊಡಗಿದವು. ಅತ್ತ ಕಾಕಾರ ಪರದೆಯಲ್ಲೂ ನಿಂತದ್ದು ಮತ್ತೆ ಶುರುವಾಯಿತು. ವೈನಿ ತನ್ನ ಕುರ್ಚಿಗೆ ಬಂದಳು, ಅವ್ವಾರು ಎದ್ದು ಜಾಗ ಕೊಟ್ಟರು. ಅವಳು ಕೂತಳು, ಎದ್ದಳು, ಮತ್ತೆ ಕೂತಳು, ಎರಡೂ ಪರದೆಗಳನ್ನು ನೋಡಿದಳು. ಎಲ್ಲರೂ ಅಂಗಳಕ್ಕೆ ಹೋದ ಮೇಲೂ ಅವಳು ಕಣ್ಣೊರೆಸಿಕೊಳ್ಳುತ್ತ ಅಲ್ಲೇ ಕೂತಿದ್ದಳು. ಮರುದಿನದಿಂದ ಅವ್ವಾರು ಸೊಸೆಯ ಊಟದ ಡಬ್ಬಿಯನ್ನು ಆಫೀಸಿಗೇ ಕಳಿಸತೊಡಗಿದರು. ವೈನಿ ಸಂಜೆಯವರೆಗೂ ಕೂಡತೊಡಗಿದಳು. ನನಗೆ ಬರುತ್ತಿದ್ದ ಅವಲಕ್ಕಿ ನಿಂತಿತು, ಕಾಲ್ಗುಣವಿಲ್ಲದವನಿಗೆ ಯಾರು ಕಳಿಸುತ್ತಾರೆ?

ಮಳೆಗಾಲ ಬಂತು. ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುತ್ತಿದ್ದ ಹಾಗೆ ವೈನಿಯ ಫೋನು. ರಾತ್ರಿಯ ಗಾಳಿಗೆ ಟೆಲಿಫೋನ್ ತಂತಿ ಎಲ್ಲೋ ಕಿತ್ತಿರಬೇಕು, ಆಫೀಸಿನ ಲೈನು ಸತ್ತಿದೆ ಎಂದು ಕಾಕಾ ಮನೆಗೆ ಹೇಳಿಕಳಿಸಿದ್ದರಂತೆ, ಅವಳು ಮನೆಯ ಬೇರೆ ಫೋನಿನಿಂದ ಮಾತಾಡುತ್ತಿದ್ದಳು. ಹಿಂದಿನಿಂದ ಅವ್ವಾರ ದನಿ ಕೇಳುತ್ತಿತ್ತು. ತಡ ಮಾಡಬೇಡ, ಲಗೂನೆ ಹೋಗಿ ಕುರ್ಚಿಯ ಮೇಲೆ ಕೂಡು, ನೀನು ಹೋಗಿ ಕೂತರೆ ಲೈನು ಬರುತ್ತದೆ, ನಿನ್ನ ಕಾಲ್ಗುಣ ಚಲೋ ಇದೆ ಎಂದು ಸೊಸೆಯನ್ನು ಅವಸರ ಮಾಡುತ್ತಿದ್ದರು. ಹುರುಪಿನ ದನಿ, ಅದರಲ್ಲಿ ಪ್ರೀತಿಯೇ ಇತ್ತು.

ವೈನಿ ದನಿ ತಗ್ಗಿಸಿ ಹೇಳಿದಳು: "ಕೇಳಿದ್ರಲ್ಲಾ? ನೀವು ಸಿಕ್ಕ ಬಸ್ಸಿಗೆ ಬರ್ರಿ. ನಾ ಮೆಟ್ಟಲ ಹತ್ತೂದ್ರೊಳಗ ಲೈನ್ ಬರಬೇಕು. ಇಲ್ಲಾಂದ್ರ ಮತ್ತ ನನ್ನ ಕಾಲಿಗೆ ಬರ್ತೈತಿ."

ನಾನು ಅರ್ಧ ತೆರೆದ ಬಾಗಿಲನ್ನು ಮತ್ತೆ ಎಳೆದುಕೊಂಡು ಬಸ್ಸಿಗೆ ಓಡಿದೆ.